ಮರಿ ಮಾರುವುದು ಪಾಪವೇ? ಮುದ್ದು ಮಾಡುವುದು ಶೋಕಿಯೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಜೂಲಿಗೆ ಮೂರು ವರ್ಷ. ಮೊದಲ ಸಲ ಮರಿ ಹಾಕಿದ್ದಾಳೆ, ಎಂಟು ಮರಿ. ನಾಲ್ಕು ವಾರ ಆಯಿತು. ಬೆಂಗಳೂರಿನ ಒಬ್ಬರು ಫೋನ್ ಮಾಡಿ, ಮುಂದಿನ ವಾರವೇ ಬಂದು ಎಲ್ಲ ಮರಿಗಳನ್ನೂ ಒಟ್ಟಿಗೆ ಒಯ್ಯುತ್ತೇನೆ, ಒಂದಕ್ಕೆ ಆರು ಸಾವಿರ ಕೊಡುತ್ತೇನೆ ಅನ್ನುತ್ತಿದ್ದಾರೆ. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿದರೂ ಅವರೇ ತೆಗೆದುಕೊಳ್ಳುತ್ತಾರಂತೆ. ಗಂಡು ನಾಯಿಯ ಮಾಲೀಕರು ಕ್ರಾಸಿಂಗ್ ಲೆಕ್ಕಕ್ಕೆ ಒಂದು ಮರಿ ಕೇಳಿದ್ದಾರೆ. ನಮ್ಮ ಅತ್ತೆಯವರು ‘ನಾಯಿಮರಿ ಮಾರಿದ ದುಡ್ಡು ಮನೆಗೆ ಬೇಡ’ ಅನ್ನುತ್ತಾರೆ. ಮಗನಿಗೆ ಜೂಲಿ ಅಂದರೆ ಮಗು ಇದ್ದ ಹಾಗೆ. ಹುಟ್ಟುಹಬ್ಬಕ್ಕೆ ಕೇಕ್, ದಿನಾ ಐಸ್‌ಕ್ರೀಮ್, ಮಲಗಲು ಎಸಿ ರೂಮು. ನಮ್ಮ ಯಜಮಾನರಿಗೆ ಇದೆಲ್ಲ ಈ ಕಾಲದ ಶೋಕಿ ಅನ್ನಿಸುತ್ತದೆ. ಯಾರ ಮಾತು ಸರಿ ಡಾಕ್ಟ್ರೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ತುರ್ತಿನ ವಿಷಯ ಹೇಳಿಬಿಡುತ್ತೇನೆ. ಮುಂದಿನ ವಾರ ಆ ಮರಿಗಳನ್ನು ಯಾರಿಗೂ ಕೊಡಬೇಡಿ. ಬೆಂಗಳೂರಿನವರಿಗೂ ಬೇಡ, ಗಂಡು ನಾಯಿಯ ಮಾಲೀಕರಿಗೂ ಬೇಡ. ಐದು ವಾರ ಅನ್ನುವುದು ತಾಯಿಯನ್ನು ಬಿಟ್ಟು ಹೋಗುವ ವಯಸ್ಸಲ್ಲ. ಎಂಟು ವಾರ ತುಂಬಲಿ.

ಆ ಮೂರು ವಾರದಲ್ಲಿ ಏನಾಗುತ್ತದೆ ಅಂತ ನಿಮ್ಮ ಮನೆಯಲ್ಲೇ ಕೂತು ನೋಡಬಹುದು. ಒಂದು ಮರಿ ಇನ್ನೊಂದರ ಕಿವಿ ಕಚ್ಚುತ್ತದೆ. ಜೋರಾಗಿ ಕಚ್ಚಿದರೆ ಆ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಾಲು ಕುಡಿಯುವಾಗ ಹಲ್ಲು ತಾಗಿದರೆ ಜೂಲಿ ಗುರ್ ಅಂದು ಎದ್ದು ನಡೆಯುತ್ತಾಳೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಜಗಳ ಅನ್ನುವ ಹದ ಮರಿಗೆ ಬರುವುದೇ ಹೀಗೆ. ಮನುಷ್ಯರು ಇದನ್ನು ಕಲಿಸಲು ಹೋದರೆ ತಿಂಗಳುಗಟ್ಟಲೆ ಒದ್ದಾಡಬೇಕು. ‘ಮರಿ ಮಕ್ಕಳ ಕೈ ಕಚ್ಚುತ್ತದೆ, ಊಟದ ಬಟ್ಟಲ ಹತ್ತಿರ ಹೋದರೆ ಮೈಮೇಲೆ ಬರುತ್ತದೆ’ ಎಂದು ಕ್ಲಿನಿಕ್ಕಿಗೆ ಬರುವವರನ್ನು ನಾನು ಮೊದಲು ಕೇಳುವುದು, ಮರಿಯನ್ನು ಎಷ್ಟು ದಿನಕ್ಕೆ ತಂದಿರಿ ಅಂತ. ‘ಮೂವತ್ತು ದಿನಕ್ಕೇ ಕೊಟ್ಟರು’ ಅನ್ನುವ ಉತ್ತರ ತುಂಬಾ ಸಲ ಬರುತ್ತದೆ.

ಇನ್ನೊಂದು ಕಾರಣ ರೋಗ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣು ಹಾಲಿನಿಂದ ಮರಿಗಳಿಗೆ ಸ್ವಲ್ಪ ರಕ್ಷಣೆ ಸಿಕ್ಕಿರುತ್ತದೆ. ಆರನೇ ವಾರದ ಹೊತ್ತಿಗೆ ಅದು ಕರಗಲು ಶುರುವಾಗುತ್ತದೆ. ಒಂದೊಂದು ಮರಿಯಲ್ಲಿ ಒಂದೊಂದು ವೇಗ. ಲಸಿಕೆಯ ರಕ್ಷಣೆ ಪೂರ್ತಿ ಬರಲು ಇನ್ನೂ ಹಲವು ವಾರ ಬೇಕು. ಈ ನಡುವಿನ ಸಮಯದಲ್ಲೇ ಪಾರ್ವೋ ಎಂಬ ವೈರಸ್ ರೋಗ ಹೊಡೆಯುವುದು. ವಾಂತಿ, ರಕ್ತ ಬೆರೆತ ಭೇದಿ. ಎರಡು ದಿನದಲ್ಲಿ ಮರಿ ಚರ್ಮ, ಮೂಳೆ ಆಗಿಬಿಡುತ್ತದೆ. ಸರಿಯಾದ ಚಿಕಿತ್ಸೆ ಕೊಟ್ಟರೂ ಎಲ್ಲವೂ ಉಳಿಯುವುದಿಲ್ಲ.

ನಿಮ್ಮ ಮರಿಗಳನ್ನು ಒಟ್ಟಿಗೆ ಕೊಳ್ಳುವವರು ಅವನ್ನು ಸಾಕಲು ಒಯ್ಯುವುದಿಲ್ಲ. ಇನ್ನೂ ನಾಲ್ಕು ಊರಿನ ಮರಿಗಳ ಜೊತೆ ಒಂದೇ ಕೋಣೆಯಲ್ಲಿ ಇಡುತ್ತಾರೆ. ಮರಿ ಚಿಕ್ಕದಿದ್ದಷ್ಟೂ ನೋಡಲು ಮುದ್ದು, ತಿನ್ನುವುದೂ ಕಡಿಮೆ. ಹಾಗಾಗಿಯೇ ಐದನೇ ವಾರಕ್ಕೆ ಅವಸರ. ಪಾರ್ವೋ ವೈರಸ್ ಮೈಯೊಳಗೆ ಹೋದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಷ್ಟರಲ್ಲಿ ಮರಿ ಕೈ ಬದಲಾಗಿರುತ್ತದೆ. ಸಾಯುವುದು ಕೊಂಡವರ ಮನೆಯಲ್ಲಿ, ಅವರ ಮಕ್ಕಳ ಕಣ್ಣೆದುರು. ಮಾರಿದವರು ‘ನಾವು ಕೊಟ್ಟಾಗ ಚೆನ್ನಾಗಿತ್ತಲ್ಲ’ ಅನ್ನುತ್ತಾರೆ. ಅವರ ಮಟ್ಟಿಗೆ ಆ ಮಾತು ನಿಜವೇ ಇರುತ್ತದೆ. ಅದಕ್ಕೇ ಈ ವ್ಯಾಪಾರ ಹೀಗೇ ನಡೆದುಕೊಂಡು ಬಂದಿದೆ.

ಇಂಗ್ಲೆಂಡಿನಲ್ಲಿ ಈ ನಡುವಿನವರನ್ನು ಕಾನೂನಿನಿಂದಲೇ ತೆಗೆದುಹಾಕಿದ್ದಾರೆ. 2013ರಲ್ಲಿ ವೇಲ್ಸ್‌ನ ಒಂದು ಮರಿ ಉತ್ಪಾದನೆಯ ಜಾಗದಿಂದ ಲೂಸಿ ಎಂಬ ಸ್ಪೇನಿಯಲ್ ನಾಯಿಯನ್ನು ಬಿಡಿಸಿ ತಂದರು. ಒಂದರ ಮೇಲೊಂದು ಸೂಲು ಮಾಡಿಸಿ ಅವಳ ದೇಹ ಹಾಳಾಗಿತ್ತು. ಅವಳ ಹೆಸರಿನಲ್ಲೇ ಕರೆಯುವ ಕಾಯ್ದೆ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆರು ತಿಂಗಳೊಳಗಿನ ಮರಿಯನ್ನು ಅಲ್ಲಿ ಸಾಕಿದವರಿಂದಲೇ ಕೊಳ್ಳಬೇಕು, ಇಲ್ಲವೇ ಅನಾಥ ನಾಯಿಗಳ ಆಶ್ರಯದಿಂದ ತರಬೇಕು. ಅಂಗಡಿ, ದಲ್ಲಾಳಿ ಯಾರೂ ನಡುವೆ ಇರುವಂತಿಲ್ಲ. ಮರಿಯನ್ನು ಅದರ ತಾಯಿಯ ಜೊತೆಗೇ ತೋರಿಸಬೇಕು.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ, ಗೌರವವೂ ಇದೆ. ಆದರೂ ಮರಿಗೆ ಹಣ ತೆಗೆದುಕೊಳ್ಳುವುದೇ ಪಾಪ ಎಂದು ನಾನು ಹೇಳಲಾರೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ಎಷ್ಟೋ ರೈತ ಕುಟುಂಬಗಳು ಮುಧೋಳ ನಾಯಿ ಸಾಕಿ, ಮರಿ ಮಾರಿ ಬದುಕುತ್ತಿವೆ. ಅಲ್ಲಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದಲೂ ಜನ ದುಡ್ಡು ಕೊಟ್ಟೇ ಮರಿ ತರುತ್ತಾರೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಈಗ ಸೇನೆಯೂ ಈ ತಳಿಯನ್ನು ತೆಗೆದುಕೊಂಡು ತರಬೇತಿ ಕೊಟ್ಟಿದೆ. ಆ ತಳಿ ಇವತ್ತಿಗೂ ಉಳಿದಿದ್ದರೆ, ಅದನ್ನು ಸಾಕುವವರಿಗೆ ನಾಲ್ಕು ಕಾಸು ಸಿಗುತ್ತಿರುವುದೂ ಒಂದು ಕಾರಣ. ಬಿಸಿಲಿಗೆ ಹೊಂದಿದ ನಾಯಿ, ಓಡಲು ಹೊಲ, ಕಣ್ಣೆದುರೇ ತಂದೆ–ತಾಯಿ. ಅಂಥ ಕಡೆ ದುಡ್ಡು ಕೈ ಬದಲಾದರೆ ನಾಯಿಗೇನೂ ಅನ್ಯಾಯ ಆಗುವುದಿಲ್ಲ. ಅದೇ ಮುಧೋಳ ಮರಿಯನ್ನು ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಕಟ್ಟಿಹಾಕುವವರಿಗೆ ಮಾರಿದರೆ ಅನ್ಯಾಯವೇ. ಅದು ಓಟಕ್ಕೆಂದೇ ಬೆಳೆದು ಬಂದ ದೇಹ.

ಬಿಟ್ಟಿಯಾಗಿ ಕೊಟ್ಟರೆ ಪುಣ್ಯ ಅಂತಲೂ ಇಲ್ಲ ನೋಡಿ. ಸುಮ್ನೆ ಸಿಕ್ಕಿತು ಎಂದು ತೆಗೆದುಕೊಂಡು ಹೋಗಿ, ಆರು ತಿಂಗಳಿಗೆ ಬೇಜಾರಾಗಿ ಹೈವೇ ಪಕ್ಕ ಬಿಟ್ಟುಬರುವವರೂ ಇದ್ದಾರೆ.

ನಾನು ನೋಡುವುದು ಒಂದೇ. ಆ ದುಡ್ಡು ಹುಟ್ಟಲು ನಾಯಿಯ ದೇಹದಿಂದ ಏನನ್ನು ಕಿತ್ತುಕೊಂಡಿರಿ? ಒಂದು ಸೂಲನ್ನು ಸರಿಯಾಗಿ ಬೆಳೆಸುವ ಖರ್ಚು ನಿಮಗೆ ಈಗ ಗೊತ್ತಾಗಿರುತ್ತದೆ. ಗಬ್ಬವಾಗಿದ್ದ ಒಂಬತ್ತು ವಾರ ಜೂಲಿಗೆ ಒಳ್ಳೆಯ ಆಹಾರ, ಸ್ಕ್ಯಾನಿಂಗ್. ಹೆರಿಗೆ ಕಷ್ಟವಾದರೆ ಸಿಸೇರಿಯನ್. ಮರಿಗಳಿಗೆ ಎರಡು ವಾರಕ್ಕೊಮ್ಮೆ ಜಂತುಹುಳು ಔಷಧಿ. ಐದನೇ ವಾರದಿಂದ ಎಂಟು ಬಾಯಿಗೆ ಎಂಟು ವಾರದವರೆಗೂ ಊಟ. ಇದರ ಜೊತೆಗೆ ಲಸಿಕೆ. ಇಷ್ಟೆಲ್ಲ ಮಾಡಿದವರ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಮರಿ ಮಾರಿ ಯಾರಾದರೂ ಜಾಸ್ತಿ ದುಡ್ಡು ಮಾಡುತ್ತಿದ್ದರೆ, ಎಲ್ಲೋ ಒಂದು ಕಡೆ ಏನನ್ನೋ ಬಿಟ್ಟಿದ್ದಾರೆ ಅಂತಲೇ ಅರ್ಥ. ಹೆಚ್ಚಿನ ಸಲ ಆ ಕೊರತೆ ಬೀಳುವುದು ತಾಯಿಯ ಮೇಲೆ.

ಹಾಗಾಗಿ ‘ವರ್ಷಕ್ಕೆ ಎರಡು ಸಲ’ ಅನ್ನುವ ಮಾತನ್ನು ಈಗಲೇ ಮರೆತುಬಿಡಿ. ಹೆಣ್ಣು ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಅದರಲ್ಲಿ ಎರಡು ತಿಂಗಳು ಗಬ್ಬ, ಎರಡು ತಿಂಗಳು ಹಾಲೂಡಿಸುವುದು. ಪ್ರತಿ ಬೆದೆಗೂ ಕ್ರಾಸಿಂಗ್ ಮಾಡಿಸಿದರೆ ಅವಳ ಮೈ ಚೇತರಿಸಿಕೊಳ್ಳುವುದು ಯಾವಾಗ? ಅಂಥ ತಾಯಂದಿರನ್ನು ನಾನು ನೋಡಿದ್ದೇನೆ. ನಾಲ್ಕೈದು ವರ್ಷಕ್ಕೇ ಮೊಲೆ ಜೋತುಬಿದ್ದು, ಕೂದಲು ಉದುರಿ, ಬೆನ್ನುಮೂಳೆ ಎಣಿಸುವ ಹಾಗಿರುತ್ತದೆ. ಮರಿ ಹಾಕುವುದು ನಿಂತ ದಿನ ಅವಳಿಗೆ ಆ ಜಾಗದಲ್ಲಿ ಅನ್ನ ಇರುವುದಿಲ್ಲ. ಬೆಂಗಳೂರಿನಲ್ಲಿ ಬೀದಿಪಾಲಾದ ಜಾತಿ ನಾಯಿಗಳಿಗೆ ಮತ್ತೆ ಮನೆ ಹುಡುಕುವುದಕ್ಕೆಂದೇ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳು ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಗಿ ಬಂದಿದೆ. ಸಾವಿರಗಟ್ಟಲೆ ಬೆಲೆಯ ನಾಯಿ ಬೀದಿಗೆ ಹೇಗೆ ಬಂತು ಎಂದು ಜನ ಆಶ್ಚರ್ಯಪಡುತ್ತಾರೆ. ಬೆಲೆ ಇದ್ದದ್ದು ಮರಿಗೆ ಅಥವಾ ಮರಿ ಹಾಕುವ ತನಕ, ಅಷ್ಟೇ.

ನಮ್ಮ ದೇಶದಲ್ಲೂ ಇದಕ್ಕೆ ನಿಯಮಗಳಿವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ನಾಯಿ ತಳಿ ಬೆಳೆಸುವ ಮತ್ತು ಮಾರುವ ನಿಯಮಗಳು ಬಂದವು. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಕ್ರಾಸಿಂಗ್ ಮಾಡಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ, ಇಡೀ ಜೀವನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಅಪ್ಪ–ಮಗಳು, ಅಣ್ಣ–ತಂಗಿ ಹೀಗೆ ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವ ಹಾಗಿಲ್ಲ. ಹಾಗಾದರೆ ವರ್ಷಕ್ಕೆರಡು ಸಲ ಮರಿ ಕೇಳುತ್ತಿರುವವರು, ಐದು ವಾರಕ್ಕೇ ಒಯ್ಯುತ್ತೇನೆ ಅನ್ನುತ್ತಿರುವವರು ನಿಮ್ಮನ್ನು ಎಂಥ ವ್ಯವಹಾರಕ್ಕೆ ಕರೆಯುತ್ತಿದ್ದಾರೆ ಎಂದು ನೀವೇ ಯೋಚಿಸಿ. ಅವರು ನೋಂದಣಿ ಪತ್ರ ತೋರಿಸಲಿ ನೋಡೋಣ. ಕೇಳುವ ಹಕ್ಕು ನಿಮಗಿದೆ.

ಕೊಳ್ಳುವವರ ಪಾಲೂ ಇದರಲ್ಲಿ ಸಣ್ಣದಲ್ಲ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಂದು ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಓಡಿತು. ಆಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಚಪ್ಪಟೆ ಮೂಗು ಮುದ್ದಾಗಿ ಕಾಣುತ್ತದೆ, ನಿಜ. ಆದರೆ ತಲೆಬುರುಡೆ ಗಿಡ್ಡವಾದರೂ ಒಳಗಿನ ಅಂಗುಳ ಗಿಡ್ಡವಾಗಿಲ್ಲ. ಅದು ಗಂಟಲಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆ ಸೂಜಿ ಗೆರೆಯಷ್ಟು. ‘ನಮ್ಮ ಪಗ್ ಗೊರಕೆ ಹೊಡೆಯುತ್ತದೆ’ ಎಂದು ಜನ ಖುಷಿಯಿಂದ ವಿಡಿಯೊ ತೋರಿಸುತ್ತಾರೆ. ಆ ನಾಯಿ ಉಸಿರಿಗಾಗಿ ಒದ್ದಾಡುತ್ತಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಇವು ಕುಸಿದುಬೀಳುವುದನ್ನು ಪ್ರತಿ ವರ್ಷ ನೋಡುತ್ತೇವೆ. ನೆದರ್‌ಲೆಂಡ್ಸ್‌ನಲ್ಲಿ ಮೂಗು ತೀರಾ ಗಿಡ್ಡ ಇರುವ ನಾಯಿಗಳಿಂದ ಮರಿ ಮಾಡಿಸುವುದನ್ನೇ ತಡೆದಿದ್ದಾರೆ. ನಮ್ಮಲ್ಲಿ ಅಂಥ ನಿಯಮ ಬರುವವರೆಗೂ ಕಾಯಬೇಕಿಲ್ಲ. ಕೇಳುವವರು ಕಡಿಮೆಯಾದರೆ ಹುಟ್ಟಿಸುವುದೂ ಕಡಿಮೆಯಾಗುತ್ತದೆ. ಉತ್ತರ ಕನ್ನಡದ ಸೆಕೆಯಲ್ಲಿ ಹಸ್ಕಿ ಸಾಕುವವರಿಗೂ ಇದೇ ಮಾತು. ಆ ಎರಡು ಪದರದ ಕೂದಲು ಸೈಬೀರಿಯಾದ ಹಿಮಕ್ಕಾಗಿ ಇರುವುದು.

ನಿಮ್ಮ ಎಂಟು ಮರಿಗಳ ವಿಷಯಕ್ಕೆ ಬರೋಣ. ಹುಟ್ಟಿದ್ದು ಹುಟ್ಟಿಯಾಯಿತು, ಅವಕ್ಕೆ ಒಳ್ಳೆಯ ಮನೆ ಹುಡುಕುವುದು ನಿಮ್ಮ ಜವಾಬ್ದಾರಿ. ಶಿವಮೊಗ್ಗದ ಆಸುಪಾಸಿನಲ್ಲೇ ಹುಡುಕಿ. ಬರುವವರು ಮನೆಗೇ ಬಂದು ಜೂಲಿಯನ್ನು ನೋಡಲಿ. ನೀವೂ ಅವರನ್ನು ವಿಚಾರಿಸಿ. ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ? ಊರಿಗೆ ಹೋದಾಗ ನಾಯಿಯನ್ನು ಎಲ್ಲಿ ಬಿಡುತ್ತಾರೆ? ಬೆಳೆದ ಲ್ಯಾಬ್ರಡಾರ್ ಮೂವತ್ತು ಕಿಲೊ ಬರುತ್ತದೆ, ವರ್ಷವಿಡೀ ಕೂದಲು ಉದುರುತ್ತದೆ ಅಂತ ಗೊತ್ತಾ? ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವವರಿಗೆ ಮರಿ ಕೊಡಬೇಡಿ. ಆಹಾರ, ಔಷಧಿ, ಲಸಿಕೆಗೆ ಆದ ಖರ್ಚನ್ನು ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಅತ್ತೆಯವರಿಗೂ ಇದನ್ನು ಬಿಡಿಸಿ ಹೇಳಿ, ಒಪ್ಪುತ್ತಾರೆ ಅನ್ನಿಸುತ್ತದೆ. ಆಗಲಿಲ್ಲ, ಸಾಕಲಾಗುತ್ತಿಲ್ಲ ಅಂದರೆ ಬೀದಿಗೆ ಬಿಡದೆ ನಮಗೇ ವಾಪಸ್ ತಂದುಕೊಡಿ ಎಂದು ಪ್ರತಿಯೊಬ್ಬರಿಗೂ ಹೇಳಿ. ಈ ಮಾತು ಹೇಳುವ ಧೈರ್ಯ ಇಲ್ಲದವರು ಮರಿ ಹಾಕಿಸಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮಗ ಮತ್ತು ಯಜಮಾನರ ಜಗಳ.

ಯಜಮಾನರಿಗೆ ಒಂದು ಕಲ್ಲಿನ ಕಥೆ ಹೇಳಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ, ಕಾಲ ಕ್ರಿ.ಶ. 949–50. ಗಂಗರ ದೊರೆ ಬೂತುಗನ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ. ಮೆಚ್ಚಿದ ದೊರೆ ಏನು ಬೇಕು ಅಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಭೂಮಿ ದಾನ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅರ್ಚಕ ಊಟ ಮಾಡಬಾರದು ಅಂತಲೂ ಬರೆಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಬಹುದು. ನಾಯಿಯನ್ನು ಮನೆಯ ಜೀವವೆಂದು ಕಾಣುವುದು ಹೊರಗಿನಿಂದ ನಿನ್ನೆ ಬಂದ ಶೋಕಿಯಲ್ಲ. ಸಾವಿರ ವರ್ಷದ ಹಿಂದೆಯೇ ನಮ್ಮವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕಾಳಿಯನ್ನು ಅವರು ಗೌರವಿಸಿದ್ದು ನಾಯಿಯಾಗಿಯೇ, ಅದರ ಓಟಕ್ಕೆ, ಎದೆಗಾರಿಕೆಗೆ.

ಹಾಗೆಂದು ಮಗ ಮಾಡುತ್ತಿರುವುದೆಲ್ಲ ಸರಿ ಅನ್ನುವುದಿಲ್ಲ. ಅವನ ಪ್ರೀತಿಯಲ್ಲಿ ತಪ್ಪಿಲ್ಲ, ಐಸ್‌ಕ್ರೀಮಿನಲ್ಲಿದೆ. ಲ್ಯಾಬ್ರಡಾರ್‌ಗಳ ಹಸಿವೇ ಬೇರೆ ಥರ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ತಳಿಯಲ್ಲಿ ಒಂದು ಜೀನಿನ ದೋಷ ಕಂಡುಹಿಡಿದರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದು ಇತ್ತು. ಇದ್ದರೆ ತಿನ್ನುವ ಆಸೆ ಜಾಸ್ತಿ, ತೂಕವೂ ಜಾಸ್ತಿ. ಜೂಲಿ ಕಣ್ಣರಳಿಸಿ ನೋಡಿದ ತಕ್ಷಣ ಕೊಡುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದಿದೆ. ಒಡಹುಟ್ಟಿದ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದ ಗುಂಪು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿತು. ಕೀಲುನೋವೂ ತಡವಾಗಿ ಬಂತು. ಜೂಲಿಯ ಪಕ್ಕೆ ಮುಟ್ಟಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು ಎಂದು ಮಗನಿಗೆ ತೋರಿಸಿಕೊಡಿ. ಮರಿಗಳು ಹಾಲು ಬಿಡುವವರೆಗೆ ಅವಳಿಗೆ ಜಾಸ್ತಿ ಊಟ ಬೇಕೇ ಬೇಕು, ಅದನ್ನು ಕಡಿಮೆ ಮಾಡಬೇಡಿ. ನಾನು ಹೇಳುತ್ತಿರುವುದು ಆಮೇಲಿನದ್ದು.

ನಮ್ಮ ಅಡುಗೆಮನೆಯ ಕೆಲವು ಪದಾರ್ಥ ನಾಯಿಗೆ ವಿಷ. ಚಾಕೊಲೇಟ್ ಬಗ್ಗೆ ಈಗ ಬಹಳ ಜನರಿಗೆ ಗೊತ್ತು. ದ್ರಾಕ್ಷಿ, ಒಣದ್ರಾಕ್ಷಿ ಬಗ್ಗೆ ಗೊತ್ತಿಲ್ಲ. ಹಬ್ಬದ ದಿನ ಪ್ರೀತಿಯಿಂದ ಕೊಟ್ಟ ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿಯಿಂದ ಕಿಡ್ನಿ ಕೆಡಬಹುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಶುಗರ್‌ಫ್ರೀ ತಿಂಡಿಗಳಲ್ಲಿರುವ ಕ್ಸೈಲಿಟಾಲ್ ಇನ್ನೂ ಅಪಾಯ. ಕೇಕ್ ಕತ್ತರಿಸಲೇಬೇಕು ಅಂದರೆ ಬೇಯಿಸಿದ ಕೋಳಿ, ಕ್ಯಾರೆಟ್ಟಿನಲ್ಲಿ ಮಾಡಿಕೊಡಲಿ. ಜೂಲಿಗೆ ಮೇಣದಬತ್ತಿ ಬೇಕಿಲ್ಲ.

ಎಸಿ ರೂಮಿನಲ್ಲಿ ಮಲಗಿದರೆ ನನ್ನ ತಕರಾರೇನಿಲ್ಲ. ಹಾಸಿಗೆ ಮೇಲೆ ಮಲಗಿದರೂ ಇಲ್ಲ, ಉಣ್ಣೆ ಹುಳುವಿಗೆ ತಿಂಗಳು ತಿಂಗಳು ಸರಿಯಾಗಿ ಔಷಧಿ ಹಾಕುತ್ತಿದ್ದರೆ. ಮಲೆನಾಡಿನಲ್ಲಿ ಅದನ್ನು ಮರೆಯಲೇಬಾರದು. ಪಟಾಕಿ ಸದ್ದಿಗೆ ನಡುಗುವ ನಾಯಿಯನ್ನು ತಬ್ಬಿಕೊಂಡು ಕೂತರೆ ಅದು ಕೆಡುವುದಿಲ್ಲ, ಧೈರ್ಯವಾಗುತ್ತದೆ. ನನಗೆ ಚಿಂತೆ ಆಗುವುದು ಬೇರೆ ಥರದ ಮುದ್ದಿನ ಬಗ್ಗೆ. ನಾಯಿಗೆ ಬಟ್ಟೆ, ಬೂಟು, ಸೀಮಂತ, ಮದುವೆ, ಫೋಟೊಶೂಟ್ ಎಲ್ಲ ಇರುತ್ತದೆ. ಆದರೆ ದಿನದಲ್ಲಿ ಒಂಬತ್ತು ಗಂಟೆ ಅದು ಫ್ಲಾಟಿನಲ್ಲಿ ಒಂಟಿಯಾಗಿರುತ್ತದೆ. ನಾಯಿ ಮುಖ್ಯವಾಗಿ ಮೈಶಾಖ ಕಳೆದುಕೊಳ್ಳುವುದು ಏದುಸಿರಿನಿಂದ. ನಮ್ಮ ಬೇಸಿಗೆಯಲ್ಲಿ ಅದಕ್ಕೆ ಜರಿ ಅಂಗಿ ತೊಡಿಸಿದರೆ ಹಿಂಸೆ. ನಡೆದಾಡಬೇಕಾದ ನಾಯಿಯನ್ನು ತಳ್ಳುಗಾಡಿಯಲ್ಲಿ ಕೂರಿಸುತ್ತಾರೆ. ನೆಲ ಮೂಸಲು ಬಿಡುವುದಿಲ್ಲ, ಕೊಳೆ ಅನ್ನುತ್ತಾರೆ. ಮೂಸುವುದೇ ಅದಕ್ಕೆ ಲೋಕ. ಮರಿ ಮಾರುವ ದಲ್ಲಾಳಿಗೆ ನಾಯಿ ಏನು ಅಂತ ಗೊತ್ತಿಲ್ಲದಿದ್ದರೆ, ಇಷ್ಟು ಪ್ರೀತಿಸುವ ಇವರಿಗೂ ಗೊತ್ತಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಇದೇ ಮನೆಗಳಿಗೆ ಮುದ್ದು ಮರಿ ಬೇಕು, ಅದೂ ಈ ವಾರವೇ ಬೇಕು. ದಲ್ಲಾಳಿ ಐದು ವಾರದ ಮರಿ ಹುಡುಕಿಕೊಂಡು ನಿಮ್ಮ ಮನೆಯವರೆಗೆ ಬರುವುದು ಅದಕ್ಕೇ.

ಮಗನಿಗೆ ಒಂದು ಕೆಲಸ ಹೇಳಿ. ಮರಿಗಳು ಹೋದ ಮೇಲೆ, ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಜೂಲಿಯನ್ನು ನಡೆಸಿಕೊಂಡು ಹೋಗಲಿ. ಎಳೆಯಬಾರದು, ಅವಳು ಎಲ್ಲಿ ನಿಂತು ಮೂಸುತ್ತಾಳೋ ಅಲ್ಲಿ ನಿಲ್ಲಬೇಕು. ಫೋನು ಮನೆಯಲ್ಲಿರಲಿ. ವಾರಕ್ಕೊಮ್ಮೆ ಕಿವಿ, ಉಗುರು, ಹಲ್ಲು ನೋಡುವುದೂ ಅವನದೇ ಪಾಲಿಗೆ ಬರಲಿ. ಯಜಮಾನರೂ ಒಂದೆರಡು ದಿನ ಜೊತೆಗೆ ಹೋಗಿ ಬಂದರೆ ಒಳ್ಳೆಯದು.

ಜೂಲಿಗೆ ಇದೇ ಕೊನೆಯ ಸೂಲಾಗಲಿ ಎನ್ನುವುದು ನನ್ನ ಸಲಹೆ. ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ಬಹಳ ಸಾಮಾನ್ಯ. ತಡವಾದರೆ ಪ್ರಾಣಕ್ಕೇ ಬರುತ್ತದೆ. ‘ಒಂದು ಸಲ ತಾಯಿಯಾದರೆ ಆರೋಗ್ಯಕ್ಕೆ ಒಳ್ಳೆಯದು’ ಅನ್ನುವ ಮಾತಿಗೆ ಆಧಾರವಿಲ್ಲ. ಮರಿಗಳು ಹಾಲು ಬಿಟ್ಟು, ಮೊಲೆ ಪೂರ್ತಿ ಒಣಗಿದ ಮೇಲೆ, ಅಂದರೆ ಸುಮಾರು ಎರಡು ತಿಂಗಳ ನಂತರ ಆಪರೇಷನ್ ಮಾಡಿಸಬಹುದು.

ಸದ್ಯಕ್ಕೆ ಬೆಂಗಳೂರಿನವರಿಗೆ ಫೋನ್ ಮಾಡಿ ಇಲ್ಲ ಎಂದು ಹೇಳಿಬಿಡಿ. ಗಂಡು ನಾಯಿಯ ಮಾಲೀಕರು ಕೇಳಿದ ಮರಿಯನ್ನು ಕೊಡಿ, ಆದರೆ ಎಂಟು ವಾರ ಆದ ಮೇಲೆ, ಆ ಮರಿಯನ್ನು ಮನೆಯಲ್ಲೇ ಸಾಕುತ್ತಾರೋ ಮಾರುತ್ತಾರೋ ಎಂದು ಕೇಳಿಕೊಂಡ ಮೇಲೆ. ನಾಲ್ಕನೇ ವಾರದ ಜಂತುಹುಳು ಔಷಧಿ ಕೊಟ್ಟಿಲ್ಲವಾದರೆ ನಾಳೆಯೇ ಕೊಡಿಸಿ. ಒಂದೊಂದು ಮರಿಯನ್ನೂ ತೂಗಿಯೇ ಪ್ರಮಾಣ ಗೊತ್ತುಮಾಡಬೇಕು, ಅಂದಾಜಿಗೆ ಹಾಕಬಾರದು. ಆರು ವಾರಕ್ಕೆ ಮೊದಲ ಲಸಿಕೆ. ಆಸ್ಪತ್ರೆಗೆ ಒಯ್ಯುವಾಗ ಮರಿಗಳನ್ನು ಬುಟ್ಟಿಯಲ್ಲೇ ಇಟ್ಟುಕೊಳ್ಳಿ, ಅಲ್ಲಿನ ನೆಲದ ಮೇಲೆ ಬಿಡಬೇಡಿ.